ಬಿ.ಇಡಿ. ಇಂಟರ್ನ್‌ಶಿಪ್ ದಿನಾಂಕವೇ ಮೊದಲು ನಿಗದಿಯಾಗಲಿ

ಸಂಪಾದಕರಿಗೆ,

ಮಾನ್ಯರೇ,

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವನು ನಾನು. ಸೇವೆಯ ಕೊನೆಯ ಕೆಲವು ವರ್ಷ ನಮ್ಮ ಭಾಗದ ವಿಶ್ವವಿದ್ಯಾಲಯವೊಂದರ ಶಿಕ್ಷಣ ಮಹಾವಿದ್ಯಾಲಯದ ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕರಾಗಲು ಬಿ.ಇಡಿ. ಓದುವವರು, ಇಂಟರ್ನ್‌ಶಿಪ್‌ಗೆಂದು, ಅಂದರೆ ತರಗತಿಯಲ್ಲಿ ಪಾಠ ಮಾಡಿ ಕಲಿಯಲೆಂದು, ನಮ್ಮ ಶಾಲೆಗೆ ಬರುತ್ತಿದ್ದರು. ಆ ಕಾಲೇಜಿನ ಹೆಸರನ್ನು ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಅಲ್ಲಿನ ಯಾರೊಬ್ಬರ ತಪ್ಪನ್ನಲ್ಲ, ಇಂಟರ್ನ್‌ಶಿಪ್ ಯಾವಾಗ, ಯಾವ ಶಾಲೆಯಲ್ಲಿ ಎಂಬ ನಿರ್ಣಯಗಳು ಅಲ್ಲಿ ಹುಟ್ಟುವ ಕ್ರಮವನ್ನು. ಬೇರೆ ಕಾಲೇಜುಗಳಿಂದ ಪ್ರಶಿಕ್ಷಣಾರ್ಥಿಗಳನ್ನು ಪಡೆಯುವ ಬಾಗಲಕೋಟೆ, ವಿಜಯಪುರದ ಗೆಳೆಯ ಮುಖ್ಯ ಗುರುಗಳೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತಾರೆ.

ಒಂದು ವರ್ಷ ಸಂಕ್ರಾಂತಿ ಮುಗಿದ ಮೊದಲ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹದಿನಾಲ್ಕು ಜನ ಯುವಕ ಯುವತಿಯರು ಸುರುಳಿ ಸುತ್ತಿದ ಚಾರ್ಟುಗಳನ್ನು ಕಂಕುಳಲ್ಲಿಟ್ಟುಕೊಂಡು ಧ್ವಜಕಟ್ಟೆಯ ಪಕ್ಕದ ಬೇವಿನ ಮರದ ಕೆಳಗೆ ನಿಂತಿದ್ದರು. ಅವರು ಬರುತ್ತಾರೆಂಬ ಆದೇಶ ನನ್ನ ಮೊಬೈಲಿಗೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಹಿಂದಿನ ಶನಿವಾರ ಸಂಜೆ ಐದರ ಮೇಲೆ. ಹತ್ತನೆಯ ತರಗತಿಗೆ ಪುನರಾವರ್ತನೆ ನಡೆದಿತ್ತು, ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಾಗಿತ್ತು. ಆ ತರಗತಿಯನ್ನು ಹೊಸಬರ ಕೈಗೆ ಕೊಡಲು ಯಾವ ಶಿಕ್ಷಕರೂ ಒಪ್ಪಲಿಲ್ಲ, ಒಪ್ಪಬೇಕೆಂದು ನಾನೂ ಹೇಳಲಿಲ್ಲ. ನಮಗೆ ಬೇಕಿದ್ದದ್ದು ಗಣಿತದವರು, ಬಂದವರಲ್ಲಿ ಎಂಟು ಮಂದಿ ಸಮಾಜ ವಿಜ್ಞಾನದವರು. ಹೀಗಾಗಿ ಎಂಟನೆಯ ತರಗತಿಯ ಒಂದೇ ವಿಭಾಗಕ್ಕೆ ಒಂದೇ ವಾರದಲ್ಲಿ ಮೂವರು ಮೌರ್ಯರ ಪಾಠವನ್ನೇ ಮಾಡಿದರು. ಮೂರನೆಯವರು ಕಪ್ಪುಹಲಗೆಯ ಮೇಲೆ ಪಾಠದ ಹೆಸರು ಬರೆದು ತಿರುಗಿ ಮೊದಲ ಪ್ರಶ್ನೆ ಕೇಳುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ‘ಇದರ ಉತ್ತರ ಮೊನ್ನೇನ ಹೇಳೇವ್ರೀ ಸರ್’ ಎಂದ. ತರಗತಿ ನಕ್ಕಿತು. ಆ ಯುವಕನ ಕೈಯಲ್ಲಿದ್ದ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಲೆಕ್ಕ ಬಹಳ ಸರಳ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಶಾಲಾ ಅನುಭವಕ್ಕೆ ಒಟ್ಟು 20 ವಾರಗಳನ್ನು ಮೀಸಲಿಟ್ಟಿತು; ಅದರಲ್ಲಿ 4 ವಾರ ಮೊದಲ ವರ್ಷಕ್ಕೆ, 16 ವಾರ ಎರಡನೆಯ ವರ್ಷಕ್ಕೆ. ಉಳಿದ ಪಾಠಗಳಿಗೆ ಶೇ 80ರಷ್ಟು ಹಾಜರಾತಿ ಸಾಕು, ಇಂಟರ್ನ್‌ಶಿಪ್‌ಗೆ ಶೇ 90 ಇರಲೇಬೇಕು. ಜನವರಿ ಮಧ್ಯದಲ್ಲಿ ಶಾಲೆಗೆ ಕಾಲಿಟ್ಟವರ 16 ವಾರ ಮುಗಿಯುವುದು ಮೇ ಮೊದಲ ವಾರದಲ್ಲಿ. ನಮ್ಮ ಶಾಲೆಗಳು ಏಪ್ರಿಲ್ ಎರಡನೆಯ ವಾರದ ಹೊತ್ತಿಗೇ ಬೇಸಿಗೆ ರಜೆಗೆ ಬಾಗಿಲು ಹಾಕಿರುತ್ತವೆ, ಮಾರ್ಚ್ ತಿಂಗಳಂತೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಿದ್ಧತೆ, ಆಸನ ವ್ಯವಸ್ಥೆ, ಮೇಲ್ವಿಚಾರಣೆಯಲ್ಲೇ ಕಳೆದುಹೋಗುತ್ತದೆ. ಆ ಹದಿನಾಲ್ಕು ಜನ ನಮ್ಮಲ್ಲಿ ನಿಜವಾಗಿ ತರಗತಿ ಕಂಡದ್ದು ಒಂಬತ್ತು ವಾರ. ಪೂರ್ಣ ಅವಧಿ ಮುಗಿಸಿದ್ದಾರೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದವನು ನಾನೇ. ಹಾಕದಿದ್ದರೆ ಅವರ ಒಂದು ವರ್ಷ ಹಾಳಾಗುತ್ತಿತ್ತು ಎಂಬ ಸಮಾಧಾನ ಅಂದು ಹೇಳಿಕೊಂಡಿದ್ದೆ. ಇಂದು ಅದು ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ.

ಇದೇಕೆ ಹೀಗಾಗುತ್ತದೆ ಎಂದು ತಿಳಿದುಕೊಳ್ಳಲು ಆ ಕಾಲೇಜಿಗೆ ಹೋಗಿದ್ದೆ. ಪ್ರಾಚಾರ್ಯರು ಸಜ್ಜನರು, ಚಹಾ ತರಿಸಿ ಕಡತವನ್ನೇ ನನ್ನ ಮುಂದಿಟ್ಟರು. ಪ್ರವೇಶ ಪಟ್ಟಿ ಬೆಂಗಳೂರಿನ ಕೇಂದ್ರೀಕೃತ ದಾಖಲಾತಿ ಘಟಕದಿಂದ ಬರಬೇಕು, ಅದು ತಡವಾಗುತ್ತದೆ. ಪ್ರವೇಶ ಮುಗಿಯದೆ ಕಾರ್ಯಭಾರದ, ಅಂದರೆ ಒಟ್ಟು ಎಷ್ಟು ಬೋಧನೆಯ ಕೆಲಸವಿದೆ ಎಂಬುದರ, ಲೆಕ್ಕ ಆಗುವುದಿಲ್ಲ, ಕಾರ್ಯಭಾರ ತಿಳಿಯದೆ ಅತಿಥಿ ಉಪನ್ಯಾಸಕರ ಬೇಡಿಕೆ ಹೋಗುವುದಿಲ್ಲ, ಆ ಬೇಡಿಕೆಯ ಕಡತ ಕುಲಸಚಿವರಿಂದ ಹಣಕಾಸು ಅಧಿಕಾರಿಗೆ, ಅಲ್ಲಿಂದ ಆಕ್ಷೇಪಣೆಯೊಂದಿಗೆ ಮತ್ತೆ ಕಾಲೇಜಿಗೆ ಬಂದು ಹೋಗುವಷ್ಟರಲ್ಲಿ ದಸರಾ, ದೀಪಾವಳಿ ಎರಡೂ ಮುಗಿದಿರುತ್ತವೆ. ಶಾಲೆಗೆ ಬಂದು ಪಾಠ ವೀಕ್ಷಿಸಿ ಅಂಕ ಕೊಡಬೇಕಾದವರು ಮುಖ್ಯವಾಗಿ ಈ ಅತಿಥಿ ಉಪನ್ಯಾಸಕರೇ ಆದ್ದರಿಂದ ಅವರು ಬರುವ ತನಕ ಇಂಟರ್ನ್‌ಶಿಪ್ ಆರಂಭಿಸುವಂತಿಲ್ಲ. ಪರಿಷತ್ತಿನ ನಿಯಮದಂತೆ ವರ್ಷಕ್ಕೆ 100 ವಿದ್ಯಾರ್ಥಿಗಳ ಪ್ರವೇಶವಿದ್ದರೆ 16 ಜನ ಪೂರ್ಣಾವಧಿ ಬೋಧಕರು ಇರಬೇಕಲ್ಲವೇ, ನಿಮ್ಮಲ್ಲಿ ಎಷ್ಟಿದ್ದಾರೆ ಎಂದು ಕೇಳಿದೆ. ಅವರು ನಕ್ಕು, ಚಹಾ ಆರುತ್ತದೆ ತಗೊಳ್ರಿ ಎಂದರು.

ಕಡತದಲ್ಲಿ ನನ್ನ ಕಣ್ಣು ನಿಂತದ್ದು ಬೇರೊಂದು ಕಡೆ. ಇಂಟರ್ನ್‌ಶಿಪ್ ವೇಳಾಪಟ್ಟಿ ಮತ್ತು ಶಾಲೆಗಳ ಹಂಚಿಕೆಯನ್ನು ಒಪ್ಪಿದ ಸಭೆಯ ನಡಾವಳಿ ಫೆಬ್ರವರಿಯದು. ನಮ್ಮ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಗಳು ಆಗಲೇ ಮೂರು ವಾರ ಪಾಠ ಮಾಡಿದ್ದರು. ‘ಘಟನೋತ್ತರ ಅನುಮೋದನೆ ನೀಡಲಾಯಿತು’ ಎಂಬ ಒಂದು ಸಾಲಿನಲ್ಲಿ ಇಡೀ ವಿಷಯ ಮುಗಿದಿತ್ತು. ಆ ದಿನಾಂಕವೇ ಏಕೆ, ಈ ಶಾಲೆಗಳೇ ಏಕೆ, ಅಥಣಿ ಕಡೆಯ ಹುಡುಗಿಯನ್ನು ಬೈಲಹೊಂಗಲಕ್ಕೂ ಬೈಲಹೊಂಗಲದವಳನ್ನು ಚಿಕ್ಕೋಡಿಗೂ ಹಾಕಿದ್ದು ಏಕೆ ಎಂಬುದಕ್ಕೆ ಅಲ್ಲಿ ಒಂದಕ್ಷರವೂ ಇರಲಿಲ್ಲ. ತುರ್ತು ಬಂದಾಗ ಮೊದಲು ಕ್ರಮ ಕೈಗೊಂಡು ಆಮೇಲೆ ಸಭೆಗೆ ವರದಿ ಮಾಡಲು ವಿಶ್ವವಿದ್ಯಾಲಯದ ಕಾನೂನಿನಲ್ಲಿ ಅವಕಾಶವಿದೆ, ಅದು ಬೇಕು ಕೂಡ. ಆದರೆ ಪ್ರತಿ ವರ್ಷ ಬರುವ ಇಂಟರ್ನ್‌ಶಿಪ್ ಪ್ರತಿ ವರ್ಷವೂ ತುರ್ತು ಪ್ರಸಂಗವಾಗುವುದು ಹೇಗೆ? ಮುಂಗಾರು ಪ್ರತಿ ವರ್ಷ ಬರುತ್ತದೆಂದು ತಿಳಿದೂ ಮೋಡ ಕಟ್ಟಿದ ಮೇಲೆ ಬೀಜ ಹುಡುಕಲು ಹೊರಡುವ ರೈತನನ್ನು ನಮ್ಮ ಊರಲ್ಲಿ ಯಾರೂ ಯೋಜನೆ ಬಲ್ಲವನೆನ್ನುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಪ್ರವೇಶ, ಕಾರ್ಯಭಾರ, ನೇಮಕ ಎಲ್ಲ ಮುಗಿದ ಮೇಲೆ ಉಳಿದ ದಿನಗಳಲ್ಲಿ ಇಂಟರ್ನ್‌ಶಿಪ್ ತುರುಕುವ ಈಗಿನ ಪದ್ಧತಿಯನ್ನು ತಿರುವಿಹಾಕಿ, ವರ್ಷದ ಯೋಜನೆಯಲ್ಲಿ ಆ 16 ವಾರಗಳನ್ನೇ ಮೊದಲು ಗುರುತಿಸಬೇಕು. ಎರಡನೆಯ ವರ್ಷದವರ ಪ್ರವೇಶ ಹಿಂದಿನ ವರ್ಷವೇ ಆಗಿರುತ್ತದೆ. ಅವರ ಸಂಖ್ಯೆಯೂ ಬೋಧನಾ ವಿಷಯಗಳೂ ಕಾಲೇಜಿಗೆ ಮುಂಚೆಯೇ ಗೊತ್ತಿರುತ್ತವೆ. ಅವರ ಮಟ್ಟಿಗೆ ಬೆಂಗಳೂರಿನ ಪಟ್ಟಿಗೆ ಕಾಯುವ ಕಾರಣವೇ ಇಲ್ಲ. ಜೂನ್ ಮೊದಲ ವಾರ ಶಾಲೆಗೆ ಬಂದರೆ ಸೆಪ್ಟೆಂಬರ್ ಮೂರನೆಯ ವಾರದ ಹೊತ್ತಿಗೆ 16 ವಾರ ಮುಗಿಯುತ್ತದೆ. ಆಗ ನಮ್ಮಲ್ಲಿ ಪರೀಕ್ಷೆಯ ಗಡಿಬಿಡಿ ಇರುವುದಿಲ್ಲ, ಹೊಸ ಮಕ್ಕಳ ಹೆಸರುಗಳನ್ನು ಪ್ರಶಿಕ್ಷಣಾರ್ಥಿಗಳು ನಮ್ಮೊಂದಿಗೇ ಕಲಿಯುತ್ತಾರೆ, ಹತ್ತನೆಯ ತರಗತಿಯ ಗಣಿತವನ್ನೂ ಧೈರ್ಯವಾಗಿ ಅವರ ಕೈಗೆ ಕೊಡಬಹುದು. ಕಬ್ಬು ಕಡಿಯುವ ಹಂಗಾಮು ಶುರುವಾಗಿ ಎಷ್ಟೋ ಮಕ್ಕಳು ತಂದೆ ತಾಯಿಯ ಹಿಂದೆ ಹೋಗಿ ಬೆಂಚುಗಳು ಖಾಲಿಯಾಗುವ ಮುನ್ನವೇ ತುಂಬಿದ ತರಗತಿಯಲ್ಲಿ ಪಾಠ ಮಾಡಿದ ಅನುಭವವೂ ಅವರಿಗೆ ಸಿಗುತ್ತದೆ. ಕಾಲೇಜಿನ ಸೆಮಿಸ್ಟರ್ ವೇಳಾಪಟ್ಟಿ ಇದಕ್ಕೆ ಹೊಂದುವುದಿಲ್ಲ ಎಂಬ ಉತ್ತರ ಬರುತ್ತದೆಂದು ಬಲ್ಲೆ. ಆ ವೇಳಾಪಟ್ಟಿಯನ್ನು ಮಾಡುವುದೂ ವಿಶ್ವವಿದ್ಯಾಲಯವೇ.

ಇದನ್ನು ನಿರ್ಧರಿಸುವ ಸಭೆ ಮಾರ್ಚ್ ಒಳಗೆ ನಡೆಯಬೇಕು ಮತ್ತು ಆ ಸಭೆಯಲ್ಲಿ ಡೀನ್, ಪ್ರಾಚಾರ್ಯರ ಜೊತೆಗೆ ಶಾಲೆಗಳ ಇಬ್ಬರು ಮೂವರು ಮುಖ್ಯ ಗುರುಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯವರು, ಅತಿಥಿ ಉಪನ್ಯಾಸಕರ ಒಬ್ಬ ಪ್ರತಿನಿಧಿ ಮತ್ತು ಪ್ರಶಿಕ್ಷಣಾರ್ಥಿಗಳು ಇರಬೇಕು. ನಮ್ಮ ಜಿಲ್ಲೆಯಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿದ್ದು ಇಬ್ಬರು ಉಪನಿರ್ದೇಶಕರಿದ್ದಾರೆ. ಎರಡೂ ಕಚೇರಿಗಳಿಂದ ಯಾವ ಶಾಲೆಯಲ್ಲಿ ಯಾವ ವಿಷಯದ ಶಿಕ್ಷಕರ ಕೊರತೆ ಇದೆ ಎಂಬ ಪಟ್ಟಿ ತರಿಸಿಕೊಂಡರೆ ಹಂಚಿಕೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮುಖ್ಯ ಗುರುಗಳನ್ನು ಕರೆಯುವುದೆಂದರೆ ಕೊನೆಯ ಸಾಲಿನಲ್ಲಿ ಕೂರಿಸಿ ಉಪ್ಪಿಟ್ಟು ಕೊಟ್ಟು ಹಾಜರಾತಿಗೆ ಸಹಿ ಮಾಡಿಸಿಕೊಳ್ಳುವುದಲ್ಲ ಎಂದು ಅನುಭವದಿಂದ ಹೇಳುತ್ತಿದ್ದೇನೆ.

ನಿರ್ಣಯದ ಕಾರಣವನ್ನು ಬರೆದಿಡುವುದು ಯಾರೋ ತೋರುವ ಔದಾರ್ಯವೇನೂ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಪ್ರಕರಣವು, ಆಡಳಿತಾತ್ಮಕ ನಿರ್ಣಯಗಳಿಗೆ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ತಾನಾಗಿಯೇ ಒದಗಿಸುವ ಹೊಣೆಯನ್ನು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರದ ಮೇಲೆ ಹೊರಿಸಿದೆ. ಅರ್ಜಿ ಹಾಕಿ, ಹತ್ತು ರೂಪಾಯಿ ಕಟ್ಟಿ, ಮೂವತ್ತು ದಿನ ಕಾದು ಪಡೆಯಬೇಕಾದ ಮಾಹಿತಿ ಇದಲ್ಲ. ಇಂಥ ಶಾಲೆಗೆ ಇಂಥವರನ್ನು ಇಂಥ ಕಾರಣಕ್ಕೆ ಹಾಕಿದೆ ಎಂಬ ಎರಡು ಪುಟದ ನಡಾವಳಿಯನ್ನು ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಿ, ಶಾಲೆಗಳಿಗೂ ಒಂದು ಪ್ರತಿ ಕಳಿಸಿದರೆ ಸಾಕು.

ಮುಂದಿನ ದಿನಗಳಲ್ಲಿ ಈ ಕಾಲೇಜುಗಳ ಮುಂದೆ ಇನ್ನೂ ದೊಡ್ಡ ನಿರ್ಣಯಗಳು ಬರಲಿವೆ. ಶಿಕ್ಷಕ ವೃತ್ತಿಗೆ 2030ರ ಹೊತ್ತಿಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ. ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2025ರ ಕರಡು ನಿಯಮಾವಳಿಯಲ್ಲಿ ಪರಿಷತ್ತು ಒಂದು ವರ್ಷದ ಬಿ.ಇಡಿ.ಯನ್ನು ಮರಳಿ ತರುವ ಪ್ರಸ್ತಾಪವನ್ನೂ ಇಟ್ಟಿತು. ಕೋರ್ಸಿನ ಅವಧಿ ಹಿಗ್ಗಲಿ, ಕುಗ್ಗಲಿ, ಪ್ರಶಿಕ್ಷಣಾರ್ಥಿ ನಿಲ್ಲಬೇಕಾದದ್ದು ನಮ್ಮ ಹುಡುಗರ ಎದುರಿಗೇ. ಅದು ಯಾವ ತಿಂಗಳಲ್ಲಿ ಎಂಬುದನ್ನು ನಮ್ಮನ್ನೂ ಕೇಳಿ ತೀರ್ಮಾನಿಸಲಿ.

ಸಭೆಗೆ ಸ್ಥಳವಿಲ್ಲ ಎಂಬ ಮಾತು ಬರಬಾರದೆಂದು ನಮ್ಮ ಶಾಲೆಯ ಈಗಿನ ಮುಖ್ಯ ಗುರುಗಳನ್ನು ವಿಚಾರಿಸಿದ್ದೇನೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಂಟನೆಯ ತರಗತಿಯ ಕೋಣೆ ಖಾಲಿ ಇರುತ್ತದೆ, ನಲವತ್ತು ಜನ ಕೂರಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ,
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ