ಸೀನನಿಗೆ, ಅವತ್ತು ಮಗುವನ್ನು ಎತ್ತಿಕೊಳ್ಳದ ಕಾರಣ

ಪ್ರೀತಿಯ ಸೀನ,

ನಿನ್ನ ಮಗಳ ನಾಮಕರಣದ ದಿನ ಎಲ್ಲರೂ ಮಗುವನ್ನು ಎತ್ತಿಕೊಂಡರು. ನಾನೊಬ್ಬ ಬಾಗಿಲ ಹತ್ತಿರವೇ ನಿಂತಿದ್ದೆ. ಊಟಕ್ಕೂ ಕೂರದೆ ಚಿಂತಾಮಣಿಯಿಂದ ಶಿಡ್ಲಘಟ್ಟದ ಬಸ್ ಹತ್ತಿಬಿಟ್ಟೆ. ನಿನಗೆ ಬೇಜಾರಾಯಿತು, ಅಲ್ವಾ? ಅವತ್ತು ಹೇಳಲು ಬಾಯಿ ಬರಲಿಲ್ಲ.

ಬಲಗೈ ಹಿಂಬದಿಯಲ್ಲಿ, ಗೆಣ್ಣುಗಳ ಹತ್ತಿರ, ಒಂದು ಉಂಗುರ ಎದ್ದಿತ್ತು. ಅಂಚು ಗಟ್ಟಿಯಾಗಿ ಉಬ್ಬಿತ್ತು, ನಡುವೆ ಚರ್ಮ ಚೆನ್ನಾಗಿಯೇ ಇತ್ತು. ನೋಡಿದವರೆಲ್ಲ ಹುಳುಕಡ್ಡಿ ಅಂದರು. ದಿನವಿಡೀ ರೇಷ್ಮೆಗೂಡು ಬೇಯಿಸಿದ ನೀರಲ್ಲಿ ಕೈ ಆಡಿಸಿದರೆ ಬರದೆ ಇರುತ್ತಾ ಅಂತ ಅಮ್ಮ. ಮೆಡಿಕಲ್ ಶಾಪಿನ ಟ್ಯೂಬ್ ಮೂರು ತಿಂಗಳು ಹಚ್ಚಿದೆ. ಪಕ್ಕದಲ್ಲಿ ಇನ್ನೊಂದು ಎದ್ದಿತು. ಟವೆಲ್ಲು, ಸೋಪು ಬೇರೆ ಇಟ್ಟುಕೊಂಡೆ. ನನ್ನ ಮಗನನ್ನೂ ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ ಕಣೋ. ಅವನು ಕೇಳಿದಾಗ ಸುಮ್ನೆ ಸೆಕೆ ಅಂತ ಹೇಳುತ್ತಿದ್ದೆ.

ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಕೆರೆತ ಇದೆಯಾ, ಹೊಟ್ಟು ಉದುರುತ್ತಾ ಅಂತ ಮೊದಲು ಕೇಳಿದರು. ಎರಡೂ ಇರಲಿಲ್ಲ. ಹುಳುಕಡ್ಡಿಗೆ ಸಾಮಾನ್ಯವಾಗಿ ಎರಡೂ ಇರುತ್ತವಂತೆ. ಅಂಚು ಕೆರೆದು ಪರೀಕ್ಷೆ ಮಾಡಿಸಿದರು, ಹುಳುಕಡ್ಡಿ ತರುವ ಫಂಗಸ್ ಇಲ್ಲ. ಆಮೇಲೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ಹೆಸರು ಬಂತು: ಗ್ರ್ಯಾನುಲೋಮ ಆನ್ಯುಲೇರ್.

ಆನ್ಯುಲೇರ್ ಅಂದರೆ ಉಂಗುರದ ಆಕಾರದ್ದು. ಇಂಗ್ಲೆಂಡಿನ ಕಾಲ್ಕಟ್ ಫಾಕ್ಸ್ ಎಂಬ ವೈದ್ಯರು 1895ರಲ್ಲೇ ಇದರ ಬಗ್ಗೆ ಬರೆದಿದ್ದರು. ಚರ್ಮದೊಳಗಿನ ಕೊಲಾಜೆನ್ ಎಂಬ ನಾರಿನ ಸುತ್ತ ದೇಹವನ್ನು ಕಾಯುವ ಕಣಗಳೇ ಗುಂಪುಗೂಡಿ ಹೀಗಾಗುತ್ತದೆ. ಯಾಕೆ ಗುಂಪುಗೂಡುತ್ತವೆ ಅನ್ನುವುದು ವೈದ್ಯರಿಗೂ ಪೂರ್ತಿ ತಿಳಿದಿಲ್ಲ. ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಈ ಮಾತನ್ನು ನಾನು ಮೂರು ಸಲ ಕೇಳಿ ಹೇಳಿಸಿಕೊಂಡೆ.

ನನ್ನ ಹಾಗೆ ಒಂದೆರಡು ಕಡೆ ಮಾತ್ರ ಇದ್ದರೆ, ಸುಮಾರು ಅರ್ಧದಷ್ಟು ಜನರಿಗೆ 2 ವರ್ಷದೊಳಗೆ ತಾನಾಗಿಯೇ ಹೋಗುತ್ತದಂತೆ. ಮತ್ತೆ ಬರಲೂಬಹುದು. ದೊಡ್ಡವರಲ್ಲಿ ಮೈತುಂಬ ಹರಡಿದ್ದರೆ ಶುಗರ್, ಕೊಲೆಸ್ಟ್ರಾಲ್ ನೋಡಿಸುವುದು ಒಳ್ಳೆಯದು. ನನಗೂ ಶುಗರ್ ನೋಡಿದರು, ಸರಿಯಾಗಿದೆ. ಔಷಧಿ ಏನೂ ಬೇಡ, ಕಾಯೋಣ ಅಂದರು.

ಆ ಟ್ಯೂಬ್ ಬಿಸಾಕಿದೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಡಾಕ್ಟರನ್ನು ಕೇಳದೆ ತುಂಬಾ ದಿನ ಹಚ್ಚಿದರೆ ಚರ್ಮ ತೆಳುವಾಗಬಹುದು. ನಿಜವಾದ ಹುಳುಕಡ್ಡಿಯೇ ಆಗಿದ್ದರೆ ಇನ್ನೂ ಜಾಸ್ತಿಯಾಗುತ್ತದೆ. ನಿಮ್ಮ ಕಡೆ ಯಾರಾದರೂ ಹೀಗೆ ಹಚ್ಚುತ್ತಿದ್ದರೆ ಬಿಡಿಸಿ ಡಾಕ್ಟರ ಹತ್ತಿರ ಕಳಿಸು.

ಉಂಗುರ ಇನ್ನೂ ಕೈಮೇಲೆ ಇದೆ. ಭಾನುವಾರ ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ಮಗುವನ್ನು ಎತ್ತಿಕೊಳ್ಳಬೇಕು.

ನಿನ್ನ ಗೆಳೆಯ