ಕೀಲುನೋವಿನ ಔಷಧ ಹಿಡಿದ ಮಗಳಿಗೆ ದೊಡ್ಡವ್ವನ ಪತ್ರ

ಸೇಡಂ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಅವ್ವ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಬೆರಳಿನ ಕೀಲುಗಳ ಬಾವು ರುಮಟಾಯ್ಡ್ ಸಂಧಿವಾತವೆಂದು ಗೊತ್ತಾಗಿ ಮೆಥೊಟ್ರೆಕ್ಸೇಟ್ ಶುರುವಾಗಿದೆಯಂತೆ, ಜೊತೆಗೆ ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಮಾತ್ರೆಯೂ ಇದೆಯಂತೆ. ಅದು ತಿಳಿದದ್ದೇ ತಡ, ಓಣಿಯವರು ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಒಬ್ಬರು ಪುಡಿ, ಒಬ್ಬರು ಕಷಾಯ ತಂದುಕೊಡುತ್ತಿದ್ದಾರಂತೆ. ಅವರ ಮಮತೆ ದೊಡ್ಡದು. ಆದರೆ ನರ್ಸಾಗಿ ವಾರ್ಡುಗಳಲ್ಲೇ ಆಯುಷ್ಯ ಕಳೆದ ನನಗೆ ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ.

ಮೊದಲು ಒಂದು ಮಾತು ಮನಸ್ಸಿಗೆ ತಂದುಕೋ. ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ನಿನ್ನ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೇ ಡಾಕ್ಟರು ಬೇಕೆಂದೇ ಅದರ ಅಬ್ಬರ ತಗ್ಗಿಸುತ್ತಿದ್ದಾರೆ. ತಗ್ಗಿಸುತ್ತಿರುವುದನ್ನು ಇನ್ನೊಂದು ಕಡೆಯಿಂದ ಕೆರಳಿಸುವ ಮದ್ದು ನಿನಗೆ ಬೇಡ. ಸೋಂಕು ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು, ಸುಳಿದರೆ ಒಂದು ದಿನವೂ ತಡಮಾಡದಿರುವುದು, ನಿನ್ನ ಕೆಲಸ ಇಷ್ಟೇ.

ಅಮೃತಬಳ್ಳಿಯ ಕಷಾಯವನ್ನು ಇವತ್ತೇ ನಿಲ್ಲಿಸು. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ, ಮೈಯೇ ಅದರ ಮೇಲೆ ತಿರುಗಿಬಿದ್ದ ರೀತಿಯಲ್ಲಿ, ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ಮಾತನ್ನು ಒಪ್ಪಲಿಲ್ಲ, ನಿಜ. ಆದರೆ ನಿನ್ನ ರೋಗವೂ ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಜಾತಿಯದು, ಮೆಥೊಟ್ರೆಕ್ಸೇಟ್ ಕೂಡ ಯಕೃತ್ತಿನ ಮೇಲೆ ಭಾರ ಹಾಕುವ ಔಷಧ. ಎರಡನ್ನೂ ಒಟ್ಟಿಗೆ ಹೊರಿಸುವುದು ಬೇಡ. ಗಂಟಲು ಕೆರೆದರೆ ಶುಂಠಿ, ಮೆಣಸು ಹಾಕಿದ ಬಿಸಿ ಸಾರು ಕುಡಿ, ಸಾಕು.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಮರೆತು ದಿನವೂ ನುಂಗಿದವರು ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಇಳಿದು ಜೀವಕ್ಕೇ ಅಪಾಯ ತಂದುಕೊಳ್ಳುತ್ತಾರೆ. ನೀನು ಹೇಗೂ ಸೋಮವಾರ ಶರಣಬಸವೇಶ್ವರರ ಗುಡಿಗೆ ಹೋಗುವವಳು. ಡಾಕ್ಟರು ಒಪ್ಪಿದರೆ ಆ ದಿನವನ್ನೇ ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕು. ಫೋಲಿಕ್ ಆಮ್ಲದ ಮಾತ್ರೆ ಅವರು ಹೇಳಿದ ಬೇರೆ ದಿನಕ್ಕಿರಲಿ. ಸ್ಟೀರಾಯ್ಡನ್ನು ಮಾತ್ರ ಮೈ ಹಗುರಾಯಿತೆಂದು ಥಟ್ಟನೆ ಬಿಡಬೇಡ, ಅದನ್ನು ಮೆಲ್ಲಮೆಲ್ಲನೆ ಇಳಿಸಬೇಕು. ಬೇರೆ ಯಾವ ಕಾಯಿಲೆಗೆ ಯಾರ ಬಳಿ ಹೋದರೂ ಮೊದಲು ಈ ಔಷಧಗಳ ಹೆಸರು ಹೇಳು. ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಮೆಥೊಟ್ರೆಕ್ಸೇಟ್ ಜೊತೆ ಸೇರುವುದು ಬಹಳ ಅಪಾಯ. ಔಷಧದ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸಕ್ಕೆ ಇಂದಿನಿಂದಲೇ ಕೊನೆ ಹಾಡು.

ಇನ್ನೊಂದು ವಿಷಯ. ನಿನ್ನ ಅವ್ವ ಇದನ್ನು ಕೇಳಲು ಸಂಕೋಚಪಡುತ್ತಾಳೆ, ನಾನು ಪಡುವುದಿಲ್ಲ. ಈ ಔಷಧ ನಡೆಯುವಾಗ ಬಸಿರು ನಿಲ್ಲಬಾರದು, ಹೊಟ್ಟೆಯಲ್ಲಿನ ಕೂಸಿಗೆ ಕೇಡು. ಮಗುವಿನ ಯೋಚನೆ ಇದ್ದರೆ ಗಂಡ ಹೆಂಡತಿ ಇಬ್ಬರೂ ಹೋಗಿ ತಿಂಗಳುಗಳ ಮೊದಲೇ ಡಾಕ್ಟರಿಗೆ ತಿಳಿಸಿರಿ. ಅವರು ಔಷಧ ಬದಲಿಸುತ್ತಾರೆ.

ಈಗ ಅಡುಗೆಮನೆಗೆ ಬರೋಣ. ನೀನಿರುವ ಕಲಬುರಗಿಗೆ ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ನೀರು ಬರುತ್ತದೆ. ನಲ್ಲಿ ಬಂದ ದಿನ ಸಂಪು, ಡ್ರಮ್ಮು ತುಂಬಿಟ್ಟುಕೊಂಡು ದಿನಗಟ್ಟಲೆ ಬಳಸುತ್ತೇವೆ, ಬೇಸಿಗೆಯಲ್ಲಿ ಟ್ಯಾಂಕರು ಬೇರೆ. ಆ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ನಂಬಬೇಡ. ಕಳಕಳ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಡು. ಕೊಡದಲ್ಲಿ ಕೈಯಾಗಲಿ ಲೋಟವಾಗಲಿ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆದುಕೋ. ಹಳ್ಳಿಯಿಂದ ಬರುವ ಎಮ್ಮೆ ಹಾಲನ್ನು ಉಕ್ಕಿಸದೆ ಬಾಯಿಗೆ ಇಡಬೇಡ, ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಹತ್ತುತ್ತದೆ. ಊಟದ ಮೊದಲು, ಶೌಚದ ನಂತರ, ಸಂತೆಯಿಂದ ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆ.

ಊಟಕ್ಕೆ ಡಬ್ಬಿಯ ಪ್ರೋಟೀನ್ ಪುಡಿ ಏಕೆ? ಬಿಸಿ ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಇದ್ದರೆ ಮೈಗೆ ಬೇಕಾದದ್ದು ಬಹುಪಾಲು ಸಿಕ್ಕಿತು. ತಿನ್ನುವುದಾದರೆ ಮೊಟ್ಟೆಯನ್ನು ಪೂರ್ತಿ ಬೇಯಿಸಿ ತಿನ್ನು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಕಡಿಯದೆ ಊಟ ಸೇರುವುದಿಲ್ಲ. ಅವನ್ನು ಕೆಲವು ದಿನ ಬಾಡಿಸಿಯೇ ತಿನ್ನು, ಹಸಿಯ ಆಸೆಗೆ ಸೌತೆಕಾಯಿಯನ್ನು ಕುದಿಸಿ ಆರಿಸಿದ ನೀರಲ್ಲಿ ತೊಳೆದು ಸಿಪ್ಪೆ ತೆಗೆದುಕೋ. ಮೊಳಕೆಕಾಳನ್ನು ಉಸಳಿ ಮಾಡು, ಹಸಿಯಾಗಿ ಬೇಡ. ಸೂಪರ್ ಮಾರ್ಕೆಟ್ ಎದುರು ಹೆಚ್ಚಿಟ್ಟ ಕಲ್ಲಂಗಡಿ, ಕಬ್ಬಿನ ಹಾಲು, ಐಸು ಹಾಕಿದ ಶರಬತ್ತು ಬೇಡವೇ ಬೇಡ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರುವುದನ್ನು ಮಾತ್ರ ಬಿಡಬೇಡ. ಭಜ್ಜಿ ಎಲ್ಲ ಕಾಳು, ಸೊಪ್ಪು ಸೇರಿಸಿ ಚೆನ್ನಾಗಿ ಬೆಂದ ಅಡುಗೆ, ನಿನಗಾಗಿ ಬಿಸಿಯಾಗಿಯೇ ತೆಗೆದಿಡುತ್ತೇನೆ. ಕುಡಿಯುವ ನೀರನ್ನು ಮನೆಯಿಂದ ತಂದುಕೋ, ಕಾಲಿಗೆ ಚಪ್ಪಲಿ ಇರಲಿ.

ಬೇಸಿಗೆಯಲ್ಲಿ ಕೂಲರ್ ಇಲ್ಲದೆ ನಿಮ್ಮ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಬಲ್ಲೆ. ಅದರ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ಉಜ್ಜಿ ಒಣಗಿಸಿ ತುಂಬಿಸಬೇಕು. ಡೆಂಗ್ಯೂ ಹರಡುವ ಸೊಳ್ಳೆ ಅಂಥ ನೀರಲ್ಲೇ ಮೊಟ್ಟೆಯಿಡುತ್ತದೆ. ಆ ಕೆಲಸ ಅಳಿಯಂದಿರಿಗೆ ಒಪ್ಪಿಸು, ಪಾಚಿ ನಿನ್ನ ಕೈಗೆ ಬೇಡ.

ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿನ ನೂಕುನುಗ್ಗಲು, ದೂಳು ಈ ವರ್ಷ ಬೇಡ. ಮರುದಿನ ಬೆಳಗಿನ ಜಾವ ಹೋಗಿ ಕೈಮುಗಿದರೂ ಶರಣರು ನಿನ್ನವರೇ. ಬಸ್ಸಿನಲ್ಲಿ, ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಮಾಸ್ಕ್ ಹಾಕಲು ನಾಚಿಕೆ ಏಕೆ? 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡ ಊರು ನಮ್ಮ ಕಲಬುರಗಿಯೇ. ಕೆಮ್ಮುವವರ ಪಕ್ಕ ಕೂರುವುದೆಂದರೆ ಏನೆಂದು ಕಲಬುರಗಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಲಸಿಕೆಯ ಬಗ್ಗೆ ಡಾಕ್ಟರನ್ನು ನೀನೇ ಕೇಳು. ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು, ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ನಿನ್ನಂಥವರಿಗೆ ಬೇಕಾದವು. ಜೀವಂತ ರೋಗಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಗಳನ್ನು, ದಡಾರದ್ದು, ಸೀತಾಳೆ ಸಿಡುಬಿನದು, ಅವರ ಮಾತಿಲ್ಲದೆ ಹಾಕಿಸಿಕೊಳ್ಳಬಾರದು. ಮನೆಯವರೂ ಫ್ಲೂ ಲಸಿಕೆ ಹಾಕಿಸಿಕೊಂಡರೆ ನಿನಗೆ ಇನ್ನೊಂದು ಕಾವಲು.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡ. ಜ್ವರ ಇಳಿದಂತೆ ಕಂಡು ಒಳಗೆ ಸೋಂಕು ಬೆಳೆಯುತ್ತದೆ. ಮೊದಲು ಡಾಕ್ಟರಿಗೆ ಫೋನ್ ಮಾಡು, ಆ ವಾರದ ಮೆಥೊಟ್ರೆಕ್ಸೇಟ್ ನುಂಗಬೇಕೋ ಬೇಡವೋ ಎಂದೂ ಕೇಳು. ಸ್ಟೀರಾಯ್ಡ್ ನುಂಗುವಾಗ ಜ್ವರ ಕಾಣದೆಯೂ ಸೋಂಕು ಇರಬಹುದು, ಆದ್ದರಿಂದ ವಿಪರೀತ ಸುಸ್ತು, ಏದುಸಿರು, ಉರಿಮೂತ್ರ ಇವನ್ನೂ ಹಗುರಾಗಿ ಕಾಣಬೇಡ. ಮೈಯ ಒಂದೇ ಪಕ್ಕದಲ್ಲಿ ಉರಿಯ ಜೊತೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು ಇರಬಹುದು. ಜಾಜಿನ ಕೆಮ್ಮಣ್ಣು ಹಚ್ಚಿಸಿಕೊಂಡು ಕೂರದೆ ಮೂರು ದಿನದೊಳಗೆ ಔಷಧ ಶುರುಮಾಡಿಸಬೇಕು. ಕೆಮ್ಮು ಎರಡು ವಾರ ದಾಟಿದರೆ ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಯಾರು ಏನಂದಾರು ಎಂದು ಹಿಂಜರಿಯಬೇಡ.

ರಾತ್ರಿ ಕನಿಷ್ಠ ಏಳು ತಾಸು ನಿದ್ದೆ ಮಾಡು. ಹಬ್ಬದ ಅಡುಗೆಯ ಭಾರವನ್ನು ಈ ವರ್ಷ ನಾದಿನಿ ಹೊರಲಿ, ನಾನೇ ಆಕೆಗೆ ಹೇಳುತ್ತೇನೆ.

ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನು ನನಗೆ ತಿಳಿಸು. ಬಿಳಿ ರಕ್ತಕಣಗಳ ಲೆಕ್ಕ, ಯಕೃತ್ತಿನ ಪರೀಕ್ಷೆ ಎರಡರ ಚೀಟಿಯನ್ನೂ ಫೋಟೋ ತೆಗೆದು ಕಳಿಸು. ಆ ದಿನ ನಾನು ಬೆಳಗಿನ ಬಸ್ಸಿಗೆ ಬರುತ್ತೇನೆ.

ಇಂತಿ ನಿನ್ನ
ದೊಡ್ಡವ್ವ