ಮೀನು ಮರಿಗೂ ಬೀಜೋಪಚಾರ ಬೇಕು: ಮೀನುಗಾರಿಕೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ,

ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಮೀನುಗಾರರ ಸಹಕಾರ ಸಂಘ. 40 ಎಕರೆಯ ಕೆರೆಯನ್ನು ಗುತ್ತಿಗೆಗೆ ಹಿಡಿದಿದ್ದೇವೆ. ಹೋದ ಸಲ ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿತ್ತು. ಊರೆಲ್ಲಾ ಸೇರಿ ಬಾಗಿನ ಬಿಟ್ಟೆವು. ಅದರ ಬೆನ್ನಿಗೇ ಮರಿ ಬಿತ್ತನೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ.

ಮರಿ ತಂದ ಲಾರಿ ಬಂದಾಗ ಮಧ್ಯಾಹ್ನ 12.30. ಅವರಿಗೆ ಇನ್ನೂ ಎರಡು ಕೆರೆಗೆ ಹೋಗಬೇಕಿತ್ತಂತೆ. ಏರಿಯ ಮೇಲೆ ಸಾಲಾಗಿ ನಿಂತು ಚೀಲದ ಬಾಯಿ ಬಿಚ್ಚಿ ಸುರಿಯತೊಡಗಿದರು. ನಾನು ಒಂದು ಚೀಲ ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ. ಏಳೆಂಟು ಮರಿ ಪಕ್ಕಕ್ಕೆ ವಾಲಿಕೊಂಡಿದ್ದವು. ಒಂದರ ಬಾಲ ಹಳೇ ಬಟ್ಟೆಯ ಅಂಚಿನ ಹಾಗೆ ಎಳೆ ಎಳೆಯಾಗಿತ್ತು. ಇನ್ನೊಂದರ ಕಿವಿರಿನ ಪಕ್ಕ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ, ಗಾಜಿನಂಥ ಚಪ್ಪಟೆ ಹುಳ. ಅದಕ್ಕೆ ಎರಡು ಕಪ್ಪು ಚುಕ್ಕಿ ಕಣ್ಣು. ಮೀನು ಹೇನು ಅಂದರೆ ಇದೇ. "ಅಣ್ಣಾ, ಸ್ವಲ್ಪ ತಡೀರಿ" ಅಂದೆ. "ನೀರಿಗೆ ಬಿದ್ದರೆ ಎಲ್ಲಾ ಸರಿಹೋಗ್ತವೆ ಬಿಡಿ" ಅಂದರು. ಇಪ್ಪತ್ತು ನಿಮಿಷದಲ್ಲಿ ಲಾರಿ ಹೊರಟೇ ಹೋಯಿತು.

ಸರಿಹೋಗಲಿಲ್ಲ ಸ್ವಾಮಿ. ಮೂರು ತಿಂಗಳು ಕಳೆಯುವಷ್ಟರಲ್ಲಿ ಮೀನುಗಳು ನೀರಲ್ಲಿ ಮುಳುಗಿದ ಜಾಲಿ ಬೊಡ್ಡೆಗಳಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಬಲೆ ಎಳೆದರೆ ಮೈತುಂಬಾ ಕೆಂಪು ಚುಕ್ಕೆ. ಬೆರಳಲ್ಲಿ ಸವರಿದರೆ ಹೇನು ಕೈಗೆ ಹತ್ತುತ್ತಿತ್ತು. ಬಕೆಟ್ ಹಿಡಿದು ಏರಿ ಹತ್ತಿ ಬಂದ ಹೆಂಗಸರು ಮೀನನ್ನು ಒಮ್ಮೆ ತಿರುವಿ ನೋಡಿ ಖಾಲಿ ಬಕೆಟ್‌ನಲ್ಲೇ ವಾಪಸ್ ಹೋದರು.

ಆಮೇಲೆ ಮದ್ದಿನ ಲೆಕ್ಕ ಹಾಕಿದೆವು. 40 ಎಕರೆ, ಸರಾಸರಿ 10 ಅಡಿ ನೀರು ಅಂದರೆ ಸುಮಾರು 49 ಕೋಟಿ ಲೀಟರ್. ಅದೇ ನೀರನ್ನು ದನ ಕುಡಿಯುತ್ತವೆ, ಅದೇ ನೀರು ತೂಬಿನಿಂದ ಗದ್ದೆಗೆ ಹರಿಯುತ್ತದೆ. ಅದಕ್ಕೆ ಹುಳದ ಔಷಧಿ ಸುರಿಯೋಕಾಗುತ್ತಾ? ಮೀನಿನ ಹುಣ್ಣು ರೋಗಕ್ಕೆ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು ಸೀಫ್ಯಾಕ್ಸ್ ಅನ್ನೋ ಔಷಧಿ ಮಾಡಿದ್ದಾರೆ. ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ನೀರಿದ್ದರೆ ಒಂದು ಲೀಟರ್ ಬೇಕು. ನಮ್ಮ ಕೆರೆಗೆ ಒಂದು ಸಲಕ್ಕೇ 49 ಲೀಟರ್ ಆಗುತ್ತದೆ. ಅದೂ ಹುಣ್ಣಿಗೆ, ಹೇನಿಗಲ್ಲ. ಇನ್ನು ಹೇನು ಮೀನಿನ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಮೀನನ್ನು ಬಿಟ್ಟು ಹೋಗಿ ಕಲ್ಲಿಗೆ, ಕಡ್ಡಿಗೆ, ಜೊಂಡಿಗೆ ಅಂಟಿಸಿ ಬರುತ್ತದೆ. ಇದ್ದ ಮೀನನ್ನೆಲ್ಲಾ ಹಿಡಿದು ಹಾಕಿದರೂ ಮೊಟ್ಟೆ ಕೆರೆಯಲ್ಲೇ ಉಳಿಯುತ್ತವೆ.

ಅಂದರೆ ಕೆರೆಗೆ ಬಿದ್ದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಬೀಳುವ ಮುಂಚೆ ಎಲ್ಲಾ ಇದೆ.

ನಮ್ಮ ಕಡೆ ಕಡಲೆಕಾಯಿ ಬಿತ್ತುವವರು ಬೀಜಕ್ಕೆ ಟ್ರೈಕೋಡರ್ಮಾ ಅನ್ನೋ, ರೋಗ ತಡೆಯುವ ಶಿಲೀಂಧ್ರದ ಪುಡಿ ಹಚ್ಚಿ ನೆರಳಲ್ಲಿ ಆರಿಸಿ ಬಿತ್ತುತ್ತಾರೆ. ಬೀಜೋಪಚಾರ ಮಾಡಿ ಅಂತ ಕೃಷಿ ಇಲಾಖೆಯವರು ಊರೂರಿಗೆ ಬಂದು ಹೇಳುತ್ತಾರೆ. ಮೀನು ಮರಿ ಬಿಡುವುದಕ್ಕೂ ನಾವು ಬಿತ್ತನೆ ಅಂತಲೇ ಅನ್ನುತ್ತೇವೆ, ಅಲ್ವಾ? ಹಾಗಾದರೆ ಇದಕ್ಕೂ ಉಪಚಾರ ಇರಲಿ.

ಖರ್ಚು ಜಾಸ್ತಿ ಇಲ್ಲ. ಏರಿಯ ಪಕ್ಕ ಟಾರ್ಪಾಲಿನ್ ಹಾಸಿ ಒಂದು ತೊಟ್ಟಿ ಮಾಡಿಕೊಂಡರೆ ಸಾಕು. ಲೀಟರ್ ನೀರಿಗೆ 20 ಗ್ರಾಂ ಕಲ್ಲುಪ್ಪು, 500 ಲೀಟರಿಗೆ 10 ಕೆ.ಜಿ. ಚೀಲಗಳನ್ನು ಬಿಚ್ಚದೆ 15-20 ನಿಮಿಷ ಕೆರೆ ನೀರಲ್ಲಿ ತೇಲಿಬಿಟ್ಟು, ಚೀಲದ ನೀರಿನ ಬಿಸಿ ಕೆರೆ ನೀರಿಗೆ ಸಮವಾದ ಮೇಲೆ ಮರಿಗಳನ್ನು ಸಣ್ಣ ಕಣ್ಣಿನ ಬಲೆಗೆ ಸೋಸಿಕೊಂಡು ಒಂದೆರಡು ನಿಮಿಷ ಉಪ್ಪುನೀರಲ್ಲಿ ಅದ್ದಬೇಕು. ಮರಿ ಮಗುಚುವ ಹಾಗೆ ಕಂಡರೆ ತಕ್ಷಣ ಎತ್ತಬೇಕು. ಚೀಲದ ನೀರನ್ನು ಮಾತ್ರ ಕೆರೆಗೆ ಸುರಿಯಬಾರದು, ದೂರ ನೆಲಕ್ಕೆ ಚೆಲ್ಲಬೇಕು.

ಉಪ್ಪು ಎಲ್ಲದಕ್ಕೂ ಮದ್ದಲ್ಲ ಅನ್ನುವುದು ನಮಗೆ ಗೊತ್ತು. ಮೈಮೇಲಿನ ಸಣ್ಣಪುಟ್ಟ ರೋಗಾಣು ಹೋಗುತ್ತದೆ, ಗಟ್ಟಿಯಾಗಿ ಕಚ್ಚಿಕೊಂಡ ಹೇನಿಗೆ ಸಾಲುವುದಿಲ್ಲ. ಅನುಮಾನ ಬಂದ ಮರಿಗಳನ್ನು ಬೇರೆ ನೀರಲ್ಲಿ ಎರಡು ಮೂರು ವಾರ ಇಟ್ಟು, ನೋಡಿ, ಚಿಕಿತ್ಸೆ ಕೊಟ್ಟು ಆಮೇಲೆ ಬಿಡಬೇಕು. ಕೆರೆಯೊಳಗೇ ಬಲೆ ಕಟ್ಟಿ ಇಟ್ಟರೆ ಸುಮ್ನೆ, ನೀರು ಒಂದೇ ತಾನೆ. ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ, ಪ್ಲಾಸ್ಟಿಕ್ ಹಾಸಿದ ಹೊಂಡಗಳು ನಮ್ಮ ಸುತ್ತ ಎಷ್ಟೋ ಇವೆ. ಒಂದು ಹೊಂಡವನ್ನು ಬಾಡಿಗೆಗೆ ಕೊಡಲು ಒಪ್ಪುವ ರೈತರು ನಮ್ಮೂರಲ್ಲೇ ಸಿಗುತ್ತಾರೆ. ಅಷ್ಟು ನೀರಿಗೆ ಮದ್ದು ಹಾಕುವುದು ಯಾರ ಕೈಯಲ್ಲಾದರೂ ಆಗುವ ಕೆಲಸ.

ನಿಮ್ಮಿಂದ ಆಗಬೇಕಿರುವುದು ಒಂದು ಆದೇಶ. ಮರಿ ಪೂರೈಕೆಯ ಕರಾರಿನಲ್ಲೇ ಇದನ್ನು ಬರೆಸಿ. ಚೀಲಕ್ಕೆ ತುಂಬುವ ಮುಂಚೆ ಪ್ರತಿ ತಂಡದ ಒಂದಿಷ್ಟು ಮರಿಗಳ ಕಿವಿರು, ಚರ್ಮವನ್ನು ಪರೀಕ್ಷೆ ಮಾಡಿದ ಚೀಟಿ ಲಾರಿಯ ಜೊತೆ ಬರಬೇಕು. ಬೆಳಿಗ್ಗೆ ಅಥವಾ ಸಂಜೆಯ ತಂಪಿನಲ್ಲೇ ಬರಬೇಕು. ಉಪ್ಪುನೀರಲ್ಲಿ ಅದ್ದಿ ಎಣಿಸಿ ಬಿಟ್ಟ ಮೇಲೆ ಸಂಘದವರು ಸಹಿ ಹಾಕಬೇಕು, ಸಹಿ ಆದ ಮೇಲೆ ಹಣ. ಕಾಯಿಲೆ ಕಂಡರೆ ಲಾರಿಯನ್ನು ವಾಪಸ್ ಕಳಿಸುವ ಹಕ್ಕು ನಮಗಿರಬೇಕು. ಆವತ್ತು ಆ ಹಕ್ಕು ಇದ್ದಿದ್ದರೆ "ತಡೀರಿ" ಅಂದ ನನ್ನ ಮಾತಿಗೆ ಒಂದು ಬೆಲೆ ಇರುತ್ತಿತ್ತು.

ಎಷ್ಟು ಲಕ್ಷ ಮರಿ ಬಿಟ್ಟೆವು ಅನ್ನುವುದು ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಅದರಲ್ಲಿ ಎಷ್ಟು ಬದುಕಿ ಬಲೆಗೆ ಬಂದವು ಅನ್ನುವುದನ್ನೂ ಕೇಳಿ ನೋಡಿ. ನಮ್ಮಂಥ ಸಂಘಗಳ ಪುಸ್ತಕದಲ್ಲಿ ಆ ಲೆಕ್ಕ ಇದೆ.

ಮುಂದಿನ ಬಿತ್ತನೆ ಶುರುವಾಗುವ ಮುಂಚೆ ಆದೇಶ ಬಂದರೆ ಈ ಸಲದ ಮರಿಗಳಾದರೂ ಉಳಿಯುತ್ತವೆ. ಬಿತ್ತನೆಯ ದಿನ ನೀವು ನಮ್ಮ ಕೆರೆಗೆ ಬನ್ನಿ. ಉಪ್ಪು ಕದಡಿದ ತೊಟ್ಟಿ ಏರಿಯ ಮೇಲೆ ಸಿದ್ಧ ಇಟ್ಟಿರುತ್ತೇವೆ. ಮೊದಲ ಬಲೆ ನೀವೇ ಅದ್ದಿ.

ಇಂತಿ,
ಕೆರೆ ಮೀನುಗಾರರ ಸಂಘದ ಒಬ್ಬ ಸದಸ್ಯ